ಬಿಸಿಲ ನಾಡಿನಿಂದ ಅಘನಾಶಿನಿ ಅಳಿವೆಗೆ

ತೊಗರಿ ರಾಶಿ ಮುಗಿದು ಕೈಗೆ ನಾಲ್ಕು ದುಡ್ಡು ಬಂದ ಮೇಲೆ ಕಲಬುರಗಿ ಸುತ್ತಿನ ಮಂದಿ ತಿರುಗಾಟಕ್ಕೆ ಹೊರಡುವುದು ರೂಢಿ. ಹಿಂದೆಲ್ಲ ಪಂಢರಪುರ, ತುಳಜಾಪುರ, ಶ್ರೀಶೈಲ. ಈಗ ಕರಾವಳಿಗೆ ಹೋಗುವವರೂ ಬಹಳ. ಹೋಗಿ ಬಂದವರನ್ನು ಕೇಳಿದರೆ ಗೋಕರ್ಣದಲ್ಲಿ ದರ್ಶನ ಆಯ್ತು, ಮುರ್ಡೇಶ್ವರದಲ್ಲಿ ಫೋಟೊ ಆಯ್ತು, ಕಾರವಾರದಲ್ಲಿ ಅಲೆಯೊಳಗೆ ಆಡಿದ್ದಾಯ್ತು ಅನ್ನುತ್ತಾರೆ. ನಾವೂ ಅದನ್ನೆಲ್ಲ ಮಾಡಿದೆವು, ಸಂತೋಷಪಟ್ಟೆವು. ಆದರೂ ಬರೆಯಬೇಕು ಅನ್ನಿಸಿದ್ದು ನದಿ ಸಮುದ್ರ ಸೇರುವ ಅಳಿವೆಯ ಬಗ್ಗೆ. ನಮ್ಮ ಕಡೆಯಿಂದ ಹೋದವರು ಸೇತುವೆ ಮೇಲಿಂದ ಅದನ್ನು ಒಂದು ಗಳಿಗೆ ನೋಡಿ ಮುಂದೆ ಹೋಗಿಬಿಡುತ್ತಾರೆ. ಒಂದು ಇಡೀ ದಿನ ಅಲ್ಲಿ ಕಳೆಯಿರಿ ಎಂದು ಕೈಮುಗಿದು ಹೇಳಬೇಕಾಗಿದೆ.

ಹೊರಟವರು ಅವ್ವ, ಅಕ್ಕ, ಮಾಮಾ, ಅಕ್ಕನ ಮಗಳು ಮತ್ತು ನಾನು. ಗಾಡಿ ಮಾಮಾನದು. ಅವ್ವ ಎಪ್ಪತ್ತರ ಹತ್ತಿರದವಳು, ಸಮುದ್ರ ಕಂಡವಳಲ್ಲ. ಡಬ್ಬಿಯಲ್ಲಿ ಕಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ. ಇದರ ಮೇಲೆ, ಯಾರಿಗೆ ಕೊಡುವುದು ಎಂಬುದು ಗೊತ್ತಿಲ್ಲದೆಯೇ, ಹೊಲದ ತೊಗರಿಯ ಬೇಳೆಯ ಒಂದು ಚೀಲ. ಬರಿಗೈಲಿ ಮಂದಿ ಊರಿಗೆ ಹೋಗಬಾರದು ಅನ್ನುವುದು ಅವ್ವನ ಲೆಕ್ಕ.

ಗುರುವಾರ: ಮೂಡಣಕ್ಕೆ ಹರಿಯುವ ಹೊಳೆಗಳು

ನಸುಕಿನಲ್ಲೇ ಊರು ಬಿಟ್ಟೆವು. ಜೇವರ್ಗಿಗೆ ಮೊದಲು ಕಟ್ಟಿಸಂಗಾವಿ ಸೇತುವೆ ಮೇಲೆ ಭೀಮಾ ನದಿ ದಾಟುವಾಗ ಇನ್ನೂ ಕತ್ತಲು. ಸಿಂದಗಿ ಕಳೆದು ವಿಜಯಪುರದಲ್ಲಿ ಚಹಾ. ಅಲ್ಲಿಂದ ಹುಬ್ಬಳ್ಳಿ ದಾರಿ ಹಿಡಿದರೆ ಕೊಲ್ಹಾರದಲ್ಲಿ ಕೃಷ್ಣೆ ಎದುರಾಗುತ್ತಾಳೆ. ಆಲಮಟ್ಟಿಯ ಹಿನ್ನೀರು ಸೇತುವೆಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ನಿಂತಿತ್ತು. ಕೊಲ್ಹಾರದ ಗಡಿಗೆ ಮೊಸರಿಗೆ ಈ ಸೀಮೆಯಲ್ಲೆಲ್ಲ ಹೆಸರು. ಮರದ ನೆರಳಿಗೆ ಗಾಡಿ ನಿಲ್ಲಿಸಿ ರೊಟ್ಟಿ ಮುರಿದು, ಹಿಂಡಿಯ ಮೇಲೆ ಆ ಮೊಸರು ಹಾಕಿಕೊಂಡು ಉಂಡೆವು. ಇಡೀ ಪ್ರವಾಸದಲ್ಲಿ ಹೋಟೆಲಿನ ಊಟ ಎಷ್ಟೋ ಆಯಿತು, ಈ ಊಟದ ಮುಂದೆ ನಿಲ್ಲುವಂಥದ್ದು ಮುಂದೆ ಒಂದೇ ಒಂದು ಸಿಕ್ಕಿತು. ಅದನ್ನು ರವಿವಾರಕ್ಕೆ ಹೇಳುತ್ತೇನೆ.

‘ಕಾಕು, ಈ ನೀರೆಲ್ಲ ಎಲ್ಲಿ ಹೋಗ್ತದ?’ ಎಂದು ಅಕ್ಕನ ಮಗಳು ಕೇಳಿದಳು. ಭೀಮಾ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮುಂದೆ ನರಗುಂದದ ಕಡೆ ದಾಟಲಿದ್ದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆ ತೆಲಂಗಾಣ, ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ. ನಾವು ನೋಡಲು ಹೊರಟ ಸಮುದ್ರಕ್ಕೆ ನಮ್ಮ ಸೀಮೆಯ ಹೊಳೆ ಒಂದೂ ಹೋಗುವುದಿಲ್ಲ ಎಂದು ಹೇಳಿದಾಗ ಹುಡುಗಿ ಮೊಬೈಲ್‌ನಲ್ಲಿ ನಕಾಶೆ ತೆಗೆದು ಬಹಳ ಹೊತ್ತು ನೋಡುತ್ತ ಕೂತಳು.

ಹುಬ್ಬಳ್ಳಿ ದಾಟಿ ಕಲಘಟಗಿ ಬರುವ ಹೊತ್ತಿಗೆ ಎರೆ ನೆಲ ಮುಗಿದು ಕೆಂಪು ಮಣ್ಣು, ಭತ್ತದ ಗದ್ದೆ, ಸಾಗುವಾನಿ ಶುರುವಾಯಿತು. ಇಲ್ಲಿನ ಬೇಡ್ತಿ ಹೊಳೆ ಪಡುವಣಕ್ಕೆ ತಿರುಗುತ್ತದೆ. ಘಟ್ಟ ಇಳಿದ ಮೇಲೆ ಇದರ ಹೆಸರು ಗಂಗಾವಳಿ.

‘ಇಷ್ಟ್ ನೀರ್ ಸುಮ್ಮನ ಸಮುದ್ರಕ್ಕ ಹೋಗಿ ವ್ಯರ್ಥ ಆಗ್ತದ ನೋಡು. ಇದನ್ನ ನಮ್ಮ ಕಡಿ ತಿರುವಿದ್ರ ಎಷ್ಟ್ ಹೊಲ ನೆಲ ಹಸರಾಗ್ತಾವ,’ ಅಂದ ಮಾಮಾ.

ಈ ಮಾತು ಮಾಮಾನದಷ್ಟೇ ಅಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಇಟ್ಟು ನಿಂತ ನಮ್ಮ ಭಾಗದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಬೇಡ್ತಿಯನ್ನು ಮೂಡಣಕ್ಕೆ ಹರಿಯುವ ವರದಾ ನದಿಗೆ ಜೋಡಿಸುವ ಯೋಜನೆಯ ಮಾತು ವರ್ಷಗಳಿಂದ ನಡೆದಿದೆ, ಉತ್ತರ ಕನ್ನಡದವರು ಅದನ್ನು ವಿರೋಧಿಸುತ್ತಲೇ ಬಂದಿದ್ದಾರೆ. ಆ ವಿರೋಧ ಯಾಕೆ ಎಂಬುದು ನನಗೂ ಪುಸ್ತಕದ ಮಾತಾಗಿತ್ತು. ರಾತ್ರಿ ಯಲ್ಲಾಪುರದಲ್ಲಿ ಉಳಿದೆವು. ಚಳಿಗೆ ಅವ್ವ ಎರಡು ರಗ್ಗು ಹೊದ್ದಳು.

ಶುಕ್ರವಾರ: ಮಾಗೋಡು, ಅರಬೈಲು, ಮೊದಲ ಸಮುದ್ರ

ಮಾಗೋಡು ಜಲಪಾತ ಯಲ್ಲಾಪುರದಿಂದ ದೂರವಿಲ್ಲ. ಬೇಡ್ತಿ ಇಲ್ಲಿ ಸುಮಾರು 200 ಮೀಟರು ಆಳಕ್ಕೆ ಎರಡು ಹಂತದಲ್ಲಿ ಬೀಳುತ್ತದೆ. ಫೆಬ್ರುವರಿಯಲ್ಲಿ ನೀರು ಸಣ್ಣಗಾಗಿರುತ್ತದೆ. ಜಲಪಾತವೇ ಮುಖ್ಯ ಅನ್ನುವವರು ಮಳೆ ನಿಂತ ಕೂಡಲೇ, ಅಕ್ಟೋಬರ್ ಹೊತ್ತಿಗೆ ಬರಬೇಕು. ನಮಗೆ ಹೆಚ್ಚು ಹಿಡಿಸಿದ್ದು ಹತ್ತಿರದ ಜೇನುಕಲ್ಲು ಗುಡ್ಡ. ಅಲ್ಲಿಂದ ಕೆಳಗೆ ಕಾಡಿನ ಕಣಿವೆ, ಕಣಿವೆಯ ತಳದಲ್ಲಿ ಬೇಡ್ತಿಯ ತಿರುವು. ಅವ್ವ ಮೆಟ್ಟಿಲ ಮೇಲೆ ಕೂತು, ‘ಒಂದ್ ಗಿಡ ಕಡಿಲಾರ್ದಂಗ ಇಷ್ಟ್ ದೂರ ಹೆಂಗ ಉಳಸ್ಯಾರ?’ ಅಂದಳು.

ಅರಬೈಲು ಘಟ್ಟದ ತಿರುವುಗಳಲ್ಲಿ ಅದಿರು, ಸರಕು ತುಂಬಿದ ಲಾರಿಗಳ ಹಿಂದೆ ನಿಧಾನಕ್ಕೆ ಇಳಿಯಬೇಕು. ಆತುರ ಬೇಡ. ಇಳಿಯುತ್ತಿದ್ದಂತೆ ಗಾಳಿ ತೇವವಾಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ‘ಬಿಸಲ ನಮ್ಮಷ್ಟ್ ಇಲ್ಲ, ಬೆವರ ಮಾತ್ರ ಬಾಳ ಅದ’ ಎಂದು ಅಕ್ಕ ಸೆರಗಿನಿಂದ ಗಾಳಿ ಬೀಸಿಕೊಂಡಳು. ನಮ್ಮಲ್ಲಿ 42 ಡಿಗ್ರಿ ದಾಟಿದರೂ ಬೆವರು ಬಂದಷ್ಟೇ ಬೇಗ ಒಣಗುತ್ತದೆ. ಇಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಮೈಮೇಲಿನದು ಒಣಗುವುದಿಲ್ಲ. ಹಾಗಾಗಿ ಕಲಬುರಗಿಯವರು ಬಿಸಿಲು ಕಂಡವರು ಎಂದು ನೀರು ಕುಡಿಯುವುದನ್ನು ಮರೆಯಬಾರದು.

ಅಂಕೋಲಾದಲ್ಲಿ ಮಧ್ಯಾಹ್ನ. 1930ರ ಉಪ್ಪಿನ ಸತ್ಯಾಗ್ರಹ ಕರ್ನಾಟಕದಲ್ಲಿ ಕಾವೇರಿದ್ದು ಈ ಊರಿನಲ್ಲಿ. ಇದೇ ತಾಲ್ಲೂಕಿನ, ಹಾಲಕ್ಕಿ ಸಮುದಾಯದ ಇಬ್ಬರು ಹೆಣ್ಣುಮಕ್ಕಳು ದೇಶಕ್ಕೆಲ್ಲ ಗೊತ್ತಾದರು: ನೂರಾರು ಜನಪದ ಹಾಡುಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತ ಸಾವಿರಾರು ಸಸಿ ಬೆಳೆಸಿ, 2020ರ ಪದ್ಮಶ್ರೀಗೆ ಪಾತ್ರರಾದ ತುಳಸಿ ಗೌಡ. ಇಬ್ಬರೂ ಈಗಿಲ್ಲ. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಬರಿಗಾಲಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡು ರಾಷ್ಟ್ರಪತಿಗಳ ಎದುರು ನಿಂತ ತುಳಸಿಯವರನ್ನು ಅವ್ವ ಟಿವಿಯಲ್ಲಿ ನೋಡಿದ್ದಳು. ಅಂಕೋಲಾ ಪೇಟೆಯಲ್ಲಿ ಅದೇ ರೀತಿ ಮಣಿಸರ ಹಾಕಿದ ಅಜ್ಜಿಯೊಬ್ಬರು ಸೊಪ್ಪು ಮಾರುತ್ತ ಕೂತಿದ್ದರು. ಅವ್ವ ಬೇಡವಾಗಿದ್ದ ಬಸಳೆ ಸೊಪ್ಪನ್ನೂ ಕೊಂಡಳು.

ಕಾರವಾರ ಮುಟ್ಟಿದ್ದು ಇಳಿಹೊತ್ತಿಗೆ. ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರು. ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, 22ರ ಹರೆಯದ ರವೀಂದ್ರರು ಬಂದು ಉಳಿದು ನಾಟಕವೊಂದನ್ನು ಬರೆದರು. ಇದನ್ನೆಲ್ಲ ಹೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಅವ್ವ ಚಪ್ಪಲಿ ಬಿಟ್ಟು ನೇರ ನೀರಿನ ಕಡೆ ನಡೆದಳು. ಮೊದಲ ಅಲೆ ಪಾದ ಮುಟ್ಟಿದಾಗ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡಳು, ಆಮೇಲೆ ನಾಲಿಗೆಗೆ ಹಚ್ಚಿ, ‘ಖರೇನ ಉಪ್ಪ ಅದ’ ಅಂದಳು. ಅಕ್ಕನ ಕಣ್ಣು ತುಂಬಿತು.

ಶನಿವಾರ: ಕಾರವಾರದಿಂದ ಗೋಕರ್ಣ

ಬೆಳಿಗ್ಗೆ ಹುಡುಗಿಯ ಆಸೆಗೆ ಚಪಲ್ ಯುದ್ಧನೌಕೆ ಸಂಗ್ರಹಾಲಯ. ದಂಡೆಯ ಮೇಲೆ ನಿಲ್ಲಿಸಿದ ನಿಜವಾದ ಹಡಗು. ನೌಕಾಪಡೆಯವರು ಎಷ್ಟು ಇಕ್ಕಟ್ಟಿನಲ್ಲಿ ಮಲಗುತ್ತಿದ್ದರು, ಎಲ್ಲಿ ಉಣ್ಣುತ್ತಿದ್ದರು ಎಂಬುದನ್ನು ಒಳಗೇ ನಿಂತು ನೋಡಬಹುದು. ಮಕ್ಕಳಿದ್ದರೆ ಬಿಡಬೇಡಿ. ಕಾಳಿ ನದಿ ಸಮುದ್ರ ಸೇರುವ ಜಾಗವನ್ನು ಸದಾಶಿವಗಡದ ಬದಿಯಿಂದ ನೋಡಿದೆವು. ಚೆಲುವಾದ ನೋಟ. ಕಾಳಿಯ ನೀರು ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಲ್ಲಿ ನಿಂತು, ವಿದ್ಯುತ್ತಾಗಿ, ಬಿಟ್ಟಾಗ ಬಿಟ್ಟಷ್ಟು ಇಲ್ಲಿಗೆ ಬರುತ್ತದೆ. ಇದನ್ನು ನೆನಪಿಡಿ.

ದಕ್ಷಿಣಕ್ಕೆ ಹೊರಟರೆ ಅಂಕೋಲಾ ದಾಟಿದ ಮೇಲೆ ಶಿರೂರು. 2024ರ ಜುಲೈನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದ ಅಂಗಡಿ, ನಿಂತಿದ್ದ ಲಾರಿ, ಮನುಷ್ಯರು ಗಂಗಾವಳಿಯ ಪಾಲಾದ ಜಾಗ. ಮಾಮಾ ಗಾಡಿ ನಿಧಾನ ಮಾಡಿದ. ಮಳೆಗಾಲದಲ್ಲಿ ಈ ದಾರಿಯಲ್ಲಿ ಬರುವವರು ಹವಾಮಾನದ ಎಚ್ಚರಿಕೆ ನೋಡಿಯೇ ಹೊರಡಬೇಕು.

ಗೋಕರ್ಣದ ಕಥೆ ನಮ್ಮ ಹಳ್ಳಿಯ ಪುರಾಣ ಪ್ರವಚನಗಳಲ್ಲಿ ಕೇಳಿ ಬೆಳೆದದ್ದೇ: ರಾವಣ ಆತ್ಮಲಿಂಗ ತರುವುದು, ಸಂಧ್ಯಾವಂದನೆಗೆ ಹೊತ್ತಾಗುವುದು, ವಟುವೇಷದ ಗಣಪ ಮೂರು ಸಲ ಕೂಗಿ ಲಿಂಗವನ್ನು ನೆಲಕ್ಕೆ ಇಟ್ಟುಬಿಡುವುದು. ಮಹಾಬಲೇಶ್ವರನ ಗರ್ಭಗುಡಿಯಲ್ಲಿ ಲಿಂಗ ಪೀಠದೊಳಗೆ ಹುದುಗಿದೆ, ನಡುವಿನ ಸಣ್ಣ ರಂಧ್ರದಲ್ಲಿ ಬೆರಳಿಟ್ಟು ಮುಟ್ಟಬೇಕು. ಕೊರಳಲ್ಲಿ ಇಷ್ಟಲಿಂಗ ಇರುವ ಅವ್ವ ಒಂದು ಕೈಯಿಂದ ಕರಡಿಗೆಯನ್ನು ಎದೆಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ಆತ್ಮಲಿಂಗ ಮುಟ್ಟಿದಳು. ಹೊರಗೆ ಬಂದು ಕೋಟಿತೀರ್ಥದ ಮೆಟ್ಟಿಲ ಮೇಲೆ ಬಹಳ ಹೊತ್ತು ಮಾತಾಡದೆ ಕೂತಳು. ಮಹಾಗಣಪತಿಯ ಗುಡಿಗೂ ಹೋಗಬೇಕು; ಸಿಟ್ಟಾದ ರಾವಣ ಗುದ್ದಿದ ಗುರುತು ಮೂರ್ತಿಯ ನೆತ್ತಿಯ ಮೇಲೆ ಇದೆ ಎನ್ನುತ್ತಾರೆ.

ಓಂ ಬೀಚು, ಕುಡ್ಲೆ ಬೀಚುಗಳ ಬಗ್ಗೆ ಬರೆದವರು ಸಾಕಷ್ಟು ಇದ್ದಾರೆ. ನಾನು ಹೇಳುವುದು ಒಂದೇ. ನಾವು ಬಾವಿ, ಕೆರೆ ಕಂಡ ಮಂದಿ. ನಮ್ಮಲ್ಲಿ ಈಜು ಬಲ್ಲವರಿಗೂ ಸಮುದ್ರದ ಸೆಳೆತ ಗೊತ್ತಿರುವುದಿಲ್ಲ. ಅಲೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಬಂಡೆಗಳ ಮೇಲೆ ಸೆಲ್ಫಿಗೆ ಹತ್ತಬೇಡಿ, ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ.

ರವಿವಾರ: ಸಾಣಿಕಟ್ಟೆ, ತದಡಿ, ಅಘನಾಶಿನಿ

ಈ ದಿನಕ್ಕಾಗಿಯೇ ಇಷ್ಟೂ ಬರೆದದ್ದು.

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಹೊಳೆ. ಇದಕ್ಕೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಸಮುದ್ರಕ್ಕೆ ಮುಟ್ಟುವ ಮೊದಲು ಹೊಳೆ ಅಗಲವಾಗಿ ಹರಡಿಕೊಂಡು ದ್ವೀಪ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಉಬ್ಬರದ ನೀರು ಬರುವ ತಗ್ಗಿನ ಗಜನಿ ಗದ್ದೆಗಳ ನಡುವೆ ನಿಧಾನವಾಗುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟ ಸಿಕ್ಕಿತು, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಯಲ್ಲಿ ಸೇರಿತು.

ಮೊದಲು ಸಾಣಿಕಟ್ಟೆ. ಗೋಕರ್ಣದಿಂದ ಕೂಗಳತೆ ಅನ್ನುವಷ್ಟು ಹತ್ತಿರ. ರಸ್ತೆಯ ಬದಿಗೆ ಉಪ್ಪಿನ ಆಗರಗಳು: ಮಣ್ಣಿನ ಬದು ಹಾಕಿದ ಚೌಕ ಚೌಕ ಮಡಿಗಳು, ಒಂದರಲ್ಲಿ ನೀರು, ಒಂದರಲ್ಲಿ ಕೆನೆಗಟ್ಟಿದ ನೀರು, ಒಂದರಲ್ಲಿ ಬಿಳುಪು. ಉಬ್ಬರದ ನೀರನ್ನು ಮೊದಲು ದೊಡ್ಡ ಮಡಿಗೆ ತೆಗೆದುಕೊಳ್ಳುತ್ತಾರೆ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಬಿಸಿಲು, ಗಾಳಿಗೆ ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗೆ ಅಡುಗೆಯ ಉಪ್ಪು ಹರಳುಗಟ್ಟುವುದಿಲ್ಲ. ಅದಕ್ಕೇ ಮಡಿಯಿಂದ ಮಡಿಗೆ ದಾಟಿಸುತ್ತ ನೀರನ್ನು ದಪ್ಪ ಮಾಡುತ್ತಾರೆ. ಪೂರ್ತಿ ಒಣಗಿಸುವಂತೆಯೂ ಇಲ್ಲ. ಕೊನೆಗೆ ಉಳಿಯುವ ನೀರಿನಲ್ಲಿ ಕಹಿ ಲವಣಗಳಿರುತ್ತವೆ, ಅದನ್ನು ಹೊರಗೆ ಬಿಡಬೇಕು. ಎಲ್ಲಿ ನಿಲ್ಲಿಸಬೇಕು ಎಂಬುದು ಅಲ್ಲಿ ದುಡಿಯುವವರ ಕಣ್ಣಿಗೆ ಗೊತ್ತು.

ಉದ್ದ ಕೋಲಿನ ಮರದ ಹಲಗೆಯಿಂದ ಒಬ್ಬರು ಉಪ್ಪನ್ನು ಬದುವಿಗೆ ಎಳೆಯುತ್ತಿದ್ದರು. ಹೆಂಗಸರು ಬುಟ್ಟಿಯಲ್ಲಿ ಹೊತ್ತು ಒಂದು ಕಡೆ ಸುರಿಯುತ್ತಿದ್ದರು. ಗುಡ್ಡೆ ನೋಡಿದ ಅವ್ವನಿಗೆ ಕಣದ ತೊಗರಿ ರಾಶಿ ನೆನಪಾಗಿ, ‘ಇದೂ ರಾಶಿನೇ ಅದ ಅಲ್ಲ?’ ಎಂದು ಸೆರಗು ಹೊದ್ದು ಕೈಮುಗಿದಳು. ನಮ್ಮಲ್ಲಿ ರಾಶಿಗೆ ಚಪ್ಪಲಿ ಕಾಲಲ್ಲಿ ಹೋಗುವುದಿಲ್ಲ. ಅವ್ವ ಚಪ್ಪಲಿ ಬಿಟ್ಟಿದ್ದನ್ನು ನೋಡಿ ಬುಟ್ಟಿ ಹೊತ್ತ ಹೆಂಗಸೊಬ್ಬರು ನಿಂತರು.

‘ಎಲ್ಲಿಂದ ಬಂದ್ರಿ ಅಮ್ಮ?’

‘ಗುಲ್ಬರ್ಗಾದಿಂದ ಬಂದೀವ್ರಿ ಯವ್ವಾ. ನಿಮಗ ಕಾಲ ಉರಿಯಂಗಿಲ್ಲೇನ್ರಿ?’

‘ಉರೀತದೆ. ಆದ್ರೆ ಬಿಸಿಲು ಇದ್ದಷ್ಟು ದಿನವೇ ಕೆಲಸ. ಮಳೆ ಬಿದ್ರೆ ಎಲ್ಲ ನೀರು.’

ಹಣ್ಣಾದ ತೊಗರಿಯ ಮೇಲೆ ಅಕಾಲ ಮಳೆ ಬಿದ್ದರೆ ಏನಾಗುತ್ತದೆ ಎಂದು ಅವ್ವನಿಗೆ ಯಾರೂ ವಿವರಿಸಬೇಕಿರಲಿಲ್ಲ. ಇಬ್ಬರೂ ಬದುವಿನ ಮೇಲೆ ನಿಂತು ಬಹಳ ಹೊತ್ತು ಮಳೆಯ ಮಾತಾಡಿದರು. ಆ ಉಪ್ಪು ಪೇಟೆಯ ಪುಡಿ ಉಪ್ಪಿನಷ್ಟು ಬಿಳಿ ಇಲ್ಲ. ತುಸು ಮಣ್ಣಿನ ಬಣ್ಣ, ದಪ್ಪ ಹರಳು. ಉಪ್ಪಿನಕಾಯಿಗೆ ಇದೇ ಬೇಕು ಎಂದು ಅಕ್ಕ ಒಂದು ಚೀಲ ತೆಗೆದುಕೊಂಡಳು.

ಅಲ್ಲಿಂದ ತದಡಿ ಬಂದರು. ಮೀನಿನ ದೋಣಿಗಳ ಸಾಲು, ಬಲೆ ಹೆಣೆಯುವವರು, ಮಂಜುಗಡ್ಡೆಯ ಪೆಟ್ಟಿಗೆಗಳು. ಇಲ್ಲೊಮ್ಮೆ ದೊಡ್ಡ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ಜನ ಒಪ್ಪಲಿಲ್ಲ, ಅದು ನಿಂತಿತು. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ದಾಟುತ್ತದೆ. ಹೊಳೆ ಸಮುದ್ರಕ್ಕೆ ಬಾಯಿ ತೆರೆಯುವುದನ್ನು ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಇನ್ನೂ ಒಳಗೆ, ಕಾಂಡ್ಲಾ ಗಿಡಗಳ ನಡುವೆ ಹೋಗಲು ಬೇರೆ ಸಣ್ಣ ದೋಣಿ ಮಾತಾಡಿಕೊಂಡೆವು.

ಬರುವವರು ಇಳಿತದ ಹೊತ್ತು ಕೇಳಿಕೊಂಡು ಬನ್ನಿ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಇಳಿತ ಜೋರು. ನೀರು ಇಳಿದಾಗ ಹೊಳೆಯ ನಡುವೆ ಕೆಸರಿನ ದಿಬ್ಬಗಳು ಮೇಲೇಳುತ್ತವೆ. ನಾವು ಹೋದಾಗ ಸೊಂಟದ ನೀರಿನಲ್ಲಿ ನಿಂತು ಹೆಂಗಸರು, ಗಂಡಸರು ಬಳಚು ಆರಿಸುತ್ತಿದ್ದರು. ಎರಡು ಚಿಪ್ಪಿನ ಈ ಜೀವಿ ಸಾವಿರಾರು ಸಂಸಾರಗಳ ಅನ್ನ. ಮಾಂಸ ತಿನ್ನುವುದಕ್ಕೆ, ಚಿಪ್ಪು ಸುಣ್ಣಕ್ಕೆ. ಕೆಸರಿನಲ್ಲಿ ಕಾಲಿನಿಂದಲೇ ತಡವಿ, ಮುಳುಗಿ ಹೆಕ್ಕಿ, ಪಕ್ಕದಲ್ಲಿ ತೇಲಿಬಿಟ್ಟ ಪಾತ್ರೆಗೆ ಹಾಕುತ್ತಿದ್ದರು.

ದೋಣಿಯವರು ಬಿಡಿಸಿ ಹೇಳಿದರು. ಮಳೆಗಾಲದಲ್ಲಿ ಘಟ್ಟದಿಂದ ಸಿಹಿನೀರು ನುಗ್ಗಿ ಅಳಿವೆಯ ಉಪ್ಪು ಇಳಿಯುತ್ತದೆ. ಆಗ ಬದು ಕಟ್ಟಿದ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಕಗ್ಗ ಆಳೆತ್ತರಕ್ಕೆ ಬೆಳೆಯುವ ತಳಿ. ನೆರೆ ನಿಂತರೂ, ಉಪ್ಪುನೀರು ಒಳಗೆ ಬಂದರೂ ತಾಳಿಕೊಳ್ಳುತ್ತದೆ. ಗೊಬ್ಬರ, ಔಷಧಿ ಬೇಡ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ದಂಟನ್ನು ನೀರಿನಲ್ಲೇ ಬಿಡುತ್ತಾರೆ. ಮಳೆ ಮುಗಿದ ಮೇಲೆ ಮರದ ಬಾಗಿಲೆತ್ತಿ ಉಬ್ಬರದ ನೀರು ಒಳಗೆ ಬಿಟ್ಟರೆ ಅದರ ಜೊತೆ ಸೀಗಡಿ, ಮೀನುಮರಿ ಬರುತ್ತವೆ, ಕೊಳೆತ ದಂಟಿನ ಆಸರೆಯಲ್ಲಿ ಬೆಳೆಯುತ್ತವೆ. ಬೇಸಿಗೆ ಏರಿದಂತೆ ನೀರು ಮತ್ತೆ ಉಪ್ಪಾಗುತ್ತದೆ, ಆಗ ಸಾಣಿಕಟ್ಟೆಯ ಆಗರಗಳಿಗೆ ಕಾಲ. ಒಂದೇ ಅಳಿವೆ, ಒಂದು ವರ್ಷದಲ್ಲಿ ಅಕ್ಕಿ, ಮೀನು, ಬಳಚು, ಉಪ್ಪು.

‘ಹೊಳೆ ನೀರು ಮೇಲೆ ನಿಲ್ಲಿಸಿದ್ರೆ?’ ಮಾಮಾನೇ ಕೇಳಿದ.

‘ಕಾಳಿ, ಶರಾವತಿಯಲ್ಲಿ ಕೇಳಿ ನೋಡಿ. ಸಿಹಿನೀರು ಬರಬೇಕಾದಾಗ ಬರಬೇಕು, ನಿಲ್ಲಬೇಕಾದಾಗ ನಿಲ್ಲಬೇಕು. ಹೊತ್ತು ತಪ್ಪಿದ್ರೆ ಬಳಚು ಉಳಿಯೋದಿಲ್ಲ.’

ಮಾಮಾ ತಲೆದೂಗಿದ. ದಡಕ್ಕೆ ಬಂದ ಮೇಲೆ, ‘ಖರೇ ಅದ. ಆದ್ರ ನಮಗೂ ಕುಡಿಲಾಕ ನೀರ್ ಬೇಕಲ್ಲ’ ಅಂದ. ಅದೂ ಸುಳ್ಳಲ್ಲ. ಎರಡು ಸೀಮೆಯ ಈ ಲೆಕ್ಕವನ್ನು ನಾಲ್ಕು ದಿನ ತಿರುಗಾಡಿ ಬಂದವರು ಬಗೆಹರಿಸಲಾರರು. ಆದರೆ ಅಲ್ಲಿಂದ ಮುಂದೆ ‘ವ್ಯರ್ಥ ಹರಿಯುವ ನೀರು’ ಎಂಬ ಮಾತು ನಮ್ಮ ಗಾಡಿಯಲ್ಲಿ ಬರಲಿಲ್ಲ. ನನ್ನ ಮಟ್ಟಿಗೆ, ನಮ್ಮ ಕೆರೆಗಳ ಹೂಳು ತೆಗೆಯದೆ, ಭೀಮೆಯ ಮರಳು ಬಗೆಯುವುದನ್ನು ನಿಲ್ಲಿಸದೆ ಇವರ ಹೊಳೆಯ ಕಡೆ ಕೈ ಚಾಚುವುದು ನ್ಯಾಯವಲ್ಲ.

ಆ ರಾತ್ರಿ ಕುಮಟಾ ಹತ್ತಿರದ ಒಂದು ಮನೆಯಲ್ಲಿ ಉಳಿದೆವು. ಮನೆಯ ಯಜಮಾನ್ತಿ ಕಗ್ಗದ ಕೆಂಪಕ್ಕಿಯ ಗಂಜಿ, ಮಿಡಿ ಉಪ್ಪಿನಕಾಯಿ, ಒಂದೆಲಗದ ತಂಬುಳಿ, ಮುರುಗಲು ಸಾರು ಬಡಿಸಿದರು. ಅಂಕೋಲಾದ ಬಸಳೆ ತೆಂಗಿನಕಾಯಿ ಹಾಕಿದ ಹುಳಿಯಾಗಿ ಬಂತು. ಮಾಮಾನಿಗೆ ಮಾತ್ರ ಪಕ್ಕದ ಮನೆಯಿಂದ ಬಂಗಡೆ. ಕೊಲ್ಹಾರದ ಮೊಸರು ರೊಟ್ಟಿಯ ಮುಂದೆ ನಿಲ್ಲುವ ಊಟ ಎಂದೆನಲ್ಲ, ಇದೇ. ಅವ್ವ ತನ್ನ ತೊಗರಿಬೇಳೆಯ ಚೀಲ ತಂದು ಅವರ ಕೈಗಿಟ್ಟಳು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದ್ದು ಅವ್ವನಿಗೆ ದೊಡ್ಡ ಮಾತಲ್ಲ. ಬೇಳೆ ಬೇಗ ಬೇಯುತ್ತದೆ, ನೀರು ಎಷ್ಟು ಇಡಬೇಕು ಎಂಬುದನ್ನು ಎರಡೆರಡು ಸಲ ಹೇಳಿದಳು.

ಸೋಮವಾರ: ಮಿರ್ಜಾನ್ ಕೋಟೆ, ಹೊನ್ನಾವರ

ಮಿರ್ಜಾನ್ ಕೋಟೆಯೂ ಅಘನಾಶಿನಿಯ ದಡದ್ದೇ. ನಮ್ಮ ಕಲಬುರಗಿ ಕೋಟೆಯ ಗೋಡೆ ಕಪ್ಪು ಕಲ್ಲಿನದು, ಇಲ್ಲಿಯದು ಕೆಂಪು ಜಂಬಿಟ್ಟಿಗೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಯ ಜೊತೆ ಹೆಣೆದುಕೊಂಡಿದೆ. 1552ರಿಂದ 1606ರವರೆಗೆ, 54 ವರ್ಷ ಆಳಿದ ಹೆಣ್ಣುಮಗಳು. ಘಟ್ಟದ ಕಾಳುಮೆಣಸು ಇಲ್ಲಿಯ ಹೊಳೆಗಳಲ್ಲಿ ಇಳಿದು ಹಡಗು ಹತ್ತುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದೇ ಕರೆದರು.

ಕೋಟೆಯ ಮೇಲೆ ನಡೆಯುವಾಗ ನನಗೆ ನಮ್ಮ ಊರೇ ನೆನಪಾಯಿತು. 1347ರಲ್ಲಿ ಶುರುವಾದ ಬಹಮನಿ ರಾಜ್ಯಕ್ಕೆ ಕಲಬುರಗಿ ಮೊದಲ ರಾಜಧಾನಿ, ಆಮೇಲೆ ಬೀದರ್. ಒಳನಾಡಿನ ಆ ಅರಸರಿಗೆ ಯುದ್ಧದ ಕುದುರೆ ಬೇಕು, ಕುದುರೆ ಬರುವುದು ಅರಬ್ಬರ ನಾಡಿನಿಂದ ಹಡಗಿನಲ್ಲಿ. ಹೀಗಾಗಿಯೇ ಬಹಮನಿ ಮಂತ್ರಿ ಮಹಮೂದ್ ಗವಾನ್ ಕೊಂಕಣಕ್ಕೆ ದಂಡೆತ್ತಿ ಹೋಗಿ 1472ರಲ್ಲಿ ಗೋವಾ ಹಿಡಿದ. ಬೀದರಿನಲ್ಲಿ ಇಂದೂ ನಿಂತಿರುವ ಮದರಸಾ ಅವನು ಕಟ್ಟಿಸಿದ್ದು. ಅದೇ ಕಾಲದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಚೌಲ್ ಬಂದರಿನಲ್ಲಿ ಇಳಿದು, ಮಾರಲು ತಂದ ಒಂದು ಕುದುರೆಯೊಂದಿಗೆ ಬೀದರಿನವರೆಗೆ ಬಂದಿದ್ದ. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರುಗಳಲ್ಲಿ ಇಲ್ಲಿಂದ ದಕ್ಷಿಣದ ಭಟ್ಕಳವೂ ಒಂದು. ಕರಾವಳಿಗೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಈ ಚರಿತ್ರೆ ಹೇಳಬೇಕು. ಹುಡುಗಿ ಇದನ್ನು ಕಿವಿಗೊಟ್ಟು ಕೇಳಿ, ಶಾಲೆಯಲ್ಲಿ ಬೀದರ್ ಪಾಠ ಮಾಡುವಾಗ ಸಮುದ್ರದ ಮಾತೇ ಬರಲಿಲ್ಲವಲ್ಲ ಎಂದಳು.

ಹೊನ್ನಾವರದಲ್ಲಿ ಶರಾವತಿ. ಕೊಂಕಣ ರೈಲ್ವೆಯ ಇಲ್ಲಿನ ಸೇತುವೆ 2 ಕಿ.ಮೀ.ಗೂ ಉದ್ದ. ಶರಾವತಿ ಅಳಿವೆಯಲ್ಲಿ ಕಾಂಡ್ಲಾ ಕಾಡಿನೊಳಗೆ ಹಲಗೆಯ ಕಾಲುದಾರಿ ಮಾಡಿದ್ದಾರೆ. ಕೆಸರಿಗೆ ಇಳಿಯದೆ, ಮಂಡಿ ನೋವಿನ ಅವ್ವನಂಥವರೂ ನಡೆದು ನೋಡಬಹುದು. ಕೆಸರಿನಲ್ಲಿ ಗಾಳಿ ಇಲ್ಲದ ಕಾರಣ ಕೆಲವು ಗಿಡಗಳ ಬೇರು ನೆಲದಿಂದ ಮೇಲಕ್ಕೆ ಚೂಪಾಗಿ ಎದ್ದು ಉಸಿರಾಡುತ್ತವೆ. ಇನ್ನು ಕೆಲವು ಜಾತಿಯ ಬೀಜ ತಾಯಿಗಿಡದಲ್ಲೇ ಮೊಳೆತು ಉದ್ದನೆಯ ಸಸಿಯಾಗಿ ಕೆಸರಿಗೆ ಬಿದ್ದು ನಾಟಿಕೊಳ್ಳುತ್ತದೆ. ‘ಹಡೆದ ಮ್ಯಾಲ ಸಾಕಿ, ಗಟ್ಟಿ ಮಾಡಿ ಕಳಸ್ತದ’ ಅಂದಳು ಅವ್ವ. ಕಾಸರಕೋಡು ತೀರಕ್ಕೆ 2020ರಲ್ಲಿ, ಶುಚಿಯಾದ ಕಡಲತೀರಗಳಿಗೆ ಕೊಡುವ ನೀಲಿ ಬಾವುಟದ ಮಾನ್ಯತೆ ಬಂದಿದೆ. ಶುಚಿಯಾಗಿದೆ, ಬಟ್ಟೆ ಬದಲಿಸಲು ಜಾಗವಿದೆ, ಹೆಣ್ಣುಮಕ್ಕಳಿಗೆ ಅನುಕೂಲ. ಯಾಣದ ಬಂಡೆಗಳನ್ನು ಈ ಸಲ ಬಿಟ್ಟೆವು. ಅವ್ವನನ್ನು ಕೆಳಗೆ ಕೂರಿಸಿ ಹೋಗಲು ಯಾರಿಗೂ ಮನಸ್ಸಿರಲಿಲ್ಲ.

ಮಂಗಳವಾರ: ಮುರ್ಡೇಶ್ವರ, ಮರಳಿ ದಾರಿ

ಬೆಳಿಗ್ಗೆ ಬೇಗ ಹೋದದ್ದರಿಂದ ಮುರ್ಡೇಶ್ವರದಲ್ಲಿ ಗದ್ದಲ ಕಡಿಮೆ ಇತ್ತು. 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ. ಗೋಪುರಕ್ಕೆ ಲಿಫ್ಟ್ ಇದೆ, ಮೇಲಿನಿಂದ ಕಂದುಕ ಗುಡ್ಡ, ಮೂರು ಕಡೆ ನೀರು, ದೂರಕ್ಕೆ ಹೋಗುವ ಮೀನಿನ ದೋಣಿಗಳು ಕಾಣುತ್ತವೆ. ರಾವಣ ಸಿಟ್ಟಿನಲ್ಲಿ ಎಸೆದ ಆತ್ಮಲಿಂಗದ ಹೊದಿಕೆ ಬಿದ್ದ ಜಾಗವಂತೆ. ಗೋಕರ್ಣದಿಂದ ಇಲ್ಲಿಯವರೆಗೆ ಬಂದ ಅವ್ವನಿಗೆ ಕಥೆ ಪೂರ್ತಿಯಾದ ಸಮಾಧಾನ. ಮಧ್ಯಾಹ್ನಕ್ಕೆ ಮೊದಲೇ ಹೊರಟು, ಬಂದ ದಾರಿಯಲ್ಲೇ ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ. ಒಂದೇ ಓಟದಲ್ಲಿ ಕಲಬುರಗಿ ಮುಟ್ಟುವ ಹಟ ಬೇಡ. ನಾವು ಹುಬ್ಬಳ್ಳಿಯಲ್ಲಿ ಮಲಗಿ ಮರುದಿನ ಊರು ಸೇರಿದೆವು.

ಕಗ್ಗದ ಕೊಯ್ಲು ಮಳೆ ನಿಂತ ಮೇಲೆ, ಅಕ್ಟೋಬರ್, ನವೆಂಬರ್ ಹೊತ್ತಿಗೆ. ದೀಪಾವಳಿ ರಜೆಯಲ್ಲಿ ಅದನ್ನು ನೋಡಲು ಬರುತ್ತೇವೆಂದು ಕುಮಟಾದ ಆ ಮನೆಗೆ ಹೇಳಿಟ್ಟಿದ್ದೇವೆ. ಬೇಳೆ ಖಾಲಿಯಾಗಿದೆ, ಬರುವಾಗ ಐದು ಕಿಲೊ ತರಬೇಕು ಎಂದು ಅವರು ಫೋನಿನಲ್ಲಿ ಅವ್ವನಿಗೆ ಹೇಳಿದ್ದಾರೆ. ಅವ್ವ ಹತ್ತು ಕಿಲೊ ತೆಗೆದಿಟ್ಟಿದ್ದಾಳೆ.